ಗದ್ದೆಗೆ ಸೊಪ್ಪು ಎಲ್ಲಿಂದ ಬರಬೇಕು?

ಸಾವಯವ ಭತ್ತದ ಮಾತು ಶುರುವಾದರೆ ಸಾಕು, ಯಾರಾದರೂ ಒಬ್ಬರು ಮೊಬೈಲ್ ತೆಗೆದು ಡ್ರಮ್ಮಿನ ಫೋಟೋ ತೋರಿಸುತ್ತಾರೆ. ನೀಲಿ ಪ್ಲಾಸ್ಟಿಕ್ ಡ್ರಮ್ಮು, ಒಳಗೆ ಕಂದು ನೀರು, ಪಕ್ಕದಲ್ಲಿ ಕಲಕುವ ಕೋಲು. "ಜೀವಾಮೃತ ಬಿಟ್ಟರೆ ಸಾಕು ಮಾರಾಯ್ರೆ, ಬೇರೆ ಏನೂ ಬೇಡ" ಅನ್ನುತ್ತಾರೆ. ನನಗೆ ಜೀವಾಮೃತದ ಮೇಲೆ ಸಿಟ್ಟೇನೂ ಇಲ್ಲ. ನಮ್ಮ ಕೊಟ್ಟಿಗೆ ಪಕ್ಕದಲ್ಲೂ ಅಂಥದ್ದೊಂದು ಡ್ರಮ್ಮಿದೆ. ಆದರೆ ಒಂದು ಸಲ ಕೂತು ಲೆಕ್ಕ ಹಾಕಬೇಕು ಅಲ್ವಾ?

ಜೀವಾಮೃತ ಅಂದರೆ ಒಂದು ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆ ಹಿಟ್ಟು, ಒಂದು ಹಿಡಿ ಮಣ್ಣು. ಇದರಲ್ಲಿರುವ ಸಾರಜನಕವನ್ನೆಲ್ಲ ಒಟ್ಟುಗೂಡಿಸಿದರೂ ಕಾಲು ಕೆಜಿ ದಾಟುವುದು ಕಷ್ಟ. ಅತ್ತ ಎಕರೆಗೆ 15 ಕ್ವಿಂಟಾಲ್ ಭತ್ತ ಬರಬೇಕು ಅಂದರೆ, ಕಾಳು ಹುಲ್ಲು ಎರಡೂ ಸೇರಿ ಮಣ್ಣಿಂದ 25 ಕೆಜಿ ಆಸುಪಾಸು ಸಾರಜನಕ ಎಳೆಯುತ್ತವೆ. ನೂರು ಪಟ್ಟು ವ್ಯತ್ಯಾಸ. ಜೀವಾಮೃತ ಆಹಾರ ಅಲ್ಲ, ಮಣ್ಣಲ್ಲಿ ಇರುವುದನ್ನು ಸೂಕ್ಷ್ಮಜೀವಿಗಳು ಬಿಡಿಸಿ ಕೊಡುತ್ತವೆ ಅನ್ನುವುದು ಅದರ ಪರವಾಗಿ ಇರುವವರ ಉತ್ತರ. ಇರಬಹುದು. ಮಂಡ್ಯದ ಕಡೆ ಕಾಲುವೆ ಬಯಲಿನ ಮಣ್ಣಲ್ಲಿ ಬಿಡಿಸಿ ಕೊಡಲು ಏನಾದರೂ ಇರುತ್ತದೆ. ನಮ್ಮ ಮಲೆನಾಡಿನ ಜಂಬಿಟ್ಟಿಗೆ (ಲ್ಯಾಟರೈಟ್) ಮಣ್ಣಿನಲ್ಲಿ? ಖಾಲಿ ಕಣಜದ ಬೀಗ ತೆಗೆದ ಹಾಗೆ.

ನಮ್ಮ ಮಣ್ಣು ಯಾಕೆ ಹೀಗೆ ಅನ್ನುವುದು ದೊಡ್ಡ ರಹಸ್ಯವೇನಲ್ಲ. ಲಕ್ಷಾಂತರ ವರ್ಷ ಧಾರಾಕಾರ ಮಳೆ ಹೊಯ್ದು ಸುಣ್ಣ, ಪೊಟ್ಯಾಶ್, ಮೆಗ್ನೀಷಿಯಂ ಎಲ್ಲ ತೊಳೆದು ಹೊಳೆಗೆ ಹೋಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅದಕ್ಕೇ ಕೆಂಪು, ಅದಕ್ಕೇ ಹುಳಿ. ರಂಜಕ (ಫಾಸ್ಫರಸ್) ಹಾಕಿದರೂ ಈ ಕಬ್ಬಿಣ ಅದನ್ನು ಹಿಡಿದು ಕೂತುಬಿಡುತ್ತದೆ, ಗಿಡಕ್ಕೆ ಬಿಡುವುದಿಲ್ಲ. ಮಣ್ಣು ಪರೀಕ್ಷೆಯ ಕಾರ್ಡ್ ಬಂದಾಗ ಹುಳಿಯ ಅಳತೆ ಪಿಎಚ್ (7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 5ರ ಹತ್ತಿರ ಇರುವುದು ನಮ್ಮಲ್ಲಿ ಯಾರಿಗೂ ಸುದ್ದಿಯೇ ಅಲ್ಲ.

ಆದರೆ ಭತ್ತಕ್ಕೆ ಒಂದು ಅನುಕೂಲ ಇದೆ, ಅದು ರಾಗಿಗೂ ಇಲ್ಲ, ಜೋಳಕ್ಕೂ ಇಲ್ಲ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಮಣ್ಣಿನ ಹುಳಿ ತಾನಾಗಿ ಇಳಿಯುತ್ತದೆ. ಗಾಳಿ ಆಡದ ಕೆಸರಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣವನ್ನೇ ಬಳಸಿಕೊಳ್ಳುತ್ತವೆ, ಆಗ ಪಿಎಚ್ ಕೆಲವೇ ವಾರಗಳಲ್ಲಿ 6ರ ಮೇಲೆ ಏರುತ್ತದೆ, ಕಬ್ಬಿಣ ಹಿಡಿದಿಟ್ಟಿದ್ದ ರಂಜಕವೂ ಒಂದಿಷ್ಟು ಸಡಿಲವಾಗುತ್ತದೆ. ಈ ಕೆಲಸಕ್ಕೆ ಆ ಜೀವಿಗಳಿಗೆ ತಿನ್ನಲು ಬೇಕು. ತಿನ್ನಲು ಅಂದರೆ ಕೊಳೆತ ಸೊಪ್ಪು, ಗೊಬ್ಬರ, ಬೇರು. ಬಡ ಮಣ್ಣಲ್ಲಿ ಅದೇ ಇಲ್ಲ. ಹಾಗಾಗಿ ನೀರು ನಿಲ್ಲಿಸಿದರೂ ಹುಳಿ ಇಳಿಯುವುದು ನಿಧಾನ. ಸಾವಯವ ಗೊಬ್ಬರ ಭತ್ತಕ್ಕೆ ಬರೀ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಕೊಡುವ ಚೀಲ ಅಲ್ಲ, ನೀರಿನ ಜೊತೆ ಸೇರಿ ಮಣ್ಣಿನ ಗುಣವನ್ನೇ ಒಂದು ಬೆಳೆಗಾಲದ ಮಟ್ಟಿಗೆ ಬದಲಿಸುತ್ತದೆ ಅನ್ನುವುದು ನನಗೆ ಇದರಲ್ಲಿ ಎಲ್ಲಕ್ಕಿಂತ ಸೋಜಿಗದ ಸಂಗತಿ.

ಇಲ್ಲೇ ಒಂದು ತೊಡಕೂ ಇದೆ. ನಮ್ಮದು ಎರಡು ಥರದ ಗದ್ದೆ. ಮೇಲೆ ಮಕ್ಕಿ ಗದ್ದೆ, ಮಳೆ ನಿಂತರೆ ನಾಲ್ಕು ದಿನಕ್ಕೆ ನೀರು ಬಸಿದು ಹೋಗುತ್ತದೆ. ಕೆಳಗೆ ಹಳ್ಳದ ಪಕ್ಕ ಜವಳು ಗದ್ದೆ, ಗುಡ್ಡದಿಂದ ಒರತೆ ಜಿನುಗಿ ಡಿಸೆಂಬರ್‌ವರೆಗೂ ಕಾಲು ಹೂಳುತ್ತದೆ. ಕರಾವಳಿಯವರು ಬೆಟ್ಟು, ಮಜಲು, ಬಯಲು ಅಂತ ಮೂರು ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಒಂದೇ ಮನೆಯ ಒಂದೇ ಗೊಬ್ಬರ ಈ ಎರಡು ಕಡೆ ಎರಡು ರೀತಿ ನಡೆದುಕೊಳ್ಳುತ್ತದೆ. ಮಕ್ಕಿಯಲ್ಲಿ ಎಷ್ಟು ಹಸಿ ಸೊಪ್ಪು ತುಳಿದರೂ ತಿಂದು ಹಾಕುತ್ತದೆ, ಇನ್ನೂ ತಾ ಅನ್ನುತ್ತದೆ. ಜವಳಿನಲ್ಲಿ ಅದೇ ಸೊಪ್ಪು ಜಾಸ್ತಿಯಾದರೆ ವಿಷ.

ಜವಳು ಗದ್ದೆಯ ಮೂಲೆಯಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ ಕಾಣುತ್ತದೆ, ನೋಡಿರುತ್ತೀರಿ. ಟಿಲ್ಲರ್‌ನಿಂದ ಡೀಸೆಲ್ ಸೋರಿದೆ ಅಂತ ಎಷ್ಟೋ ಜನ ಬೈದುಕೊಳ್ಳುತ್ತಾರೆ. ಒಂದು ಕಡ್ಡಿಯಿಂದ ಅದನ್ನು ಕುಟ್ಟಿ ನೋಡಿ. ಡೀಸೆಲ್ ಆದರೆ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಇದು ಚೂರು ಚೂರಾಗಿ ಒಡೆದು ಬೇರೆ ಬೇರೆಯಾಗಿಯೇ ನಿಲ್ಲುತ್ತದೆ. ಅದು ಕಬ್ಬಿಣ. ಕೆಸರಲ್ಲಿ ಕರಗಿದ ಕಬ್ಬಿಣ ಮೇಲೆ ಗಾಳಿ ತಾಗಿದ ಕೂಡಲೇ ಪೊರೆ ಕಟ್ಟಿದ್ದು. ಈಗ ಅಲ್ಲೇ ಒಂದು ಬುಡ ಕಿತ್ತು ಬೇರು ತೊಳೆಯಿರಿ. ಬೇರಿನ ಮೇಲೆ ಇಟ್ಟಿಗೆ ಬಣ್ಣದ ಲೇಪ ಇದ್ದು ತುದಿ ಬೆಳ್ಳಗಿದ್ದರೆ ಗಿಡ ಇನ್ನೂ ಹೋರಾಡುತ್ತಿದೆ, ತನ್ನ ಬೇರಿನಿಂದ ಆಮ್ಲಜನಕ ಬಿಟ್ಟು ಕಬ್ಬಿಣವನ್ನು ಹೊರಗೇ ತಡೆಯುತ್ತಿದೆ ಅಂತ ಅರ್ಥ. ಬೇರು ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಕೆಲಸ ಕೆಟ್ಟಿತು. ಅರ್ಧಂಬರ್ಧ ಕೊಳೆತ ಹುಲ್ಲು ಅಥವಾ ಸೊಪ್ಪು ಕೆಳಗೆ ಹುದುಗುತ್ತಿದೆ. ಆಮೇಲೆ ಎಲೆ ಮೇಲೆ ಕಂದು ಚುಕ್ಕೆ ಬರುತ್ತದೆ, ತುದಿಯಿಂದ ಶುರುವಾಗಿ ಇಡೀ ಎಲೆ ತುಕ್ಕು ಹಿಡಿದ ಹಾಗಾಗುತ್ತದೆ. ಅಂಗಡಿಗೆ ಹೋಗಿ ಎಲೆ ತೋರಿಸಿದರೆ ಬೆಂಕಿರೋಗ ಅಂತ ಔಷಧಿ ಕೊಟ್ಟು ಕಳಿಸುತ್ತಾರೆ. ನನಗೂ ಕೊಟ್ಟಿದ್ದರು. ಅಲ್ಲಿ ಬೇಕಾಗಿದ್ದದ್ದು ಗುಡ್ಡದ ಬುಡದಲ್ಲಿ ಒಂದು ಬಸಿಗಾಲುವೆ, ನಡುವೆ ಒಂದೆರಡು ಸಲ ನೀರು ಹೊರಗೆ ಬಿಟ್ಟು ನೆಲ ಬಿರಿಯುವ ಹದಕ್ಕೆ ಬರುವವರೆಗೆ ಒಣಗಿಸುವುದು, ಮತ್ತೆ ಬೂದಿ. ಪೊಟ್ಯಾಶ್ ಕಮ್ಮಿ ಇದ್ದ ಗಿಡವನ್ನೇ ಕಬ್ಬಿಣ ಜಾಸ್ತಿ ಹೊಡೆಯುತ್ತದೆ.

ಹಾಗಾಗಿ ಜವಳಿಗೆ ನಾನು ಹಸಿರು ಏನನ್ನೂ ಹಾಕುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೂದಿ, ಅಷ್ಟೆ. ಹಸಿರೆಲ್ಲ ಮಕ್ಕಿಗೆ. ಇದನ್ನು ಹೇಳಿದರೆ ಸುಮ್ನೆ ನಗುವವರಿದ್ದಾರೆ, ಯಾಕೆಂದರೆ ತರಬೇತಿಗಳಲ್ಲಿ ಎಲ್ಲ ಗದ್ದೆಗೂ ಒಂದೇ ಚೀಟಿ ಕೊಡುತ್ತಾರೆ.

ಈಗ ಮಕ್ಕಿಯ ಮಾತಿಗೆ ಬರೋಣ. ಅಲ್ಲಿ ನಿಜವಾದ ಪ್ರಶ್ನೆ ತೂಕದ್ದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟು. ಒಂದು ಟನ್ ಹೊತ್ತು ಹಾಕಿದರೆ 5 ಕೆಜಿ, ಅದರಲ್ಲೂ ಮೊದಲ ವರ್ಷ ಬೆಳೆಗೆ ಸಿಗುವುದು ಕಾಲು ಭಾಗವೋ ಮೂರರಲ್ಲೊಂದು ಭಾಗವೋ, ಉಳಿದದ್ದು ಮಣ್ಣಲ್ಲಿ ಕೂತು ಮುಂದಿನ ವರ್ಷಗಳಿಗೆ. ಕೃಷಿ ಇಲಾಖೆಯವರು ಹೇಳುವ ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ 4 ಟನ್, ಹಾಕಲು ಇವತ್ತು ಯಾರ ಮನೆಯಲ್ಲಿ ಅಷ್ಟು ದನ ಇದೆ? ಇದ್ದರೂ ಆ ಗೊಬ್ಬರ ಹೋಗುವುದು ಅಡಿಕೆ ತೋಟಕ್ಕೆ. ಮಿಕ್ಕಿದ್ದು, ಮಿಕ್ಕಿದರೆ, ಗದ್ದೆಗೆ.

ಹಿಂದಿನವರು ಇದಕ್ಕೆ ಏನು ಮಾಡುತ್ತಿದ್ದರು ಅಂತ ಕೇಳಿದರೆ ಉತ್ತರ ಗುಡ್ಡದಲ್ಲಿದೆ. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ, ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದ ಕಾಲ ಅದು. ದಕ್ಷಿಣ ಕನ್ನಡದಲ್ಲಿ ಕುಮ್ಕಿ, ವರ್ಗ ಜಮೀನಿನ, ಅಂದರೆ ಸ್ವಂತ ಹಿಡುವಳಿಯ, ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಜಾಗ. ಕೊಡಗಿನಲ್ಲಿ ಬಾಣೆ, ಅದಂತೂ ಗದ್ದೆಗೇ ಅಂಟಿಕೊಂಡ ಜಾಗ, ಗದ್ದೆ ಮಾಡುವವನಿಗೆ ಸೊಪ್ಪು, ಸೌದೆ, ದನ ಮೇಯಿಸಲು ಅಂತ ಕಂದಾಯ ಇಲ್ಲದೆ ಬಿಟ್ಟದ್ದು. ಬೇಸಿಗೆಯಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಿ ತಂದು, ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಿದ್ದರು. ಗಂಜಲ ಹೀರಿದ ಆ ಸೊಪ್ಪು ದಿನಾ ಪದರ ಪದರವಾಗಿ ಎತ್ತರವಾಗಿ, ಆಮೇಲೆ ಗೊಬ್ಬರಗುಂಡಿಗೆ, ಅಲ್ಲಿಂದ ಹೆಡಿಗೆಯಲ್ಲಿ ತಲೆ ಮೇಲೆ ಗದ್ದೆಗೆ. ಗಂಜಲ ನೆಲಕ್ಕೆ ಹೋಗದ ಹಾಗೆ ಹಿಡಿದಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಈಗಿನ ಸಿಮೆಂಟ್ ಕೊಟ್ಟಿಗೆಯಲ್ಲಿ ಪೈಪ್ ಹಿಡಿದು ತೊಳೆದು ಬಿಡುತ್ತೇವೆ, ಅರ್ಧ ಸಾರ ಚರಂಡಿಗೆ.

ಅಂದರೆ ಹಳೆಯ ಗದ್ದೆ ತನ್ನ ಮಣ್ಣಿನಿಂದ ಬೆಳೆಯುತ್ತಿರಲಿಲ್ಲ. ಅದರ ಹಿಂದೆ ಹಲವು ಪಟ್ಟು ಗುಡ್ಡ ನಿಂತು ಅನ್ನ ಹಾಕುತ್ತಿತ್ತು. "ಅಜ್ಜನ ಕಾಲದಲ್ಲಿ ಗೊಬ್ಬರದ ಅಂಗಡಿ ಇತ್ತಾ?" ಅಂತ ಕೇಳುವವರು ಈ ಗುಡ್ಡವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಈಗ ಕೊಡಗಿನ ಬಾಣೆ ಬಹುಪಾಲು ಕಾಫಿ ತೋಟ. ನಮ್ಮ ಕಡೆ ಗುಡ್ಡ ಅಕೇಶಿಯಾ ನೆಡುತೋಪು, ಇಲ್ಲ ರಬ್ಬರ್, ಇಲ್ಲ ಹೊಸ ಅಡಿಕೆ. ಅಕೇಶಿಯಾ ಎಲೆ ಹಾಸಿ ನೋಡಿ, ಮುಂದಿನ ಮಳೆಗಾಲದಲ್ಲೂ ಗದ್ದೆಯಲ್ಲಿ ಹಾಗೇ ಸಿಗುತ್ತದೆ. ಇನ್ನು ಸೊಪ್ಪಿದ್ದ ಕಡೆ ಹೊರುವ ಜನ ಇಲ್ಲ. ಅವತ್ತು ಹೊತ್ತವರು ಯಾರು, ಅವರಿಗೆ ಕೊಟ್ಟಿದ್ದೆಷ್ಟು ಅನ್ನುವುದನ್ನೂ ಕೇಳಿಕೊಳ್ಳಬೇಕು, ಆ ಕಾಲವನ್ನು ಹೊಗಳುವ ಮೊದಲು.

ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿ, ಅದೇ ವರ್ಷ ನವೆಂಬರ್ ಹೊತ್ತಿಗೆ ಹಿಂದೆ ಸರಿದರೂ ಭತ್ತ ಕುಸಿದದ್ದು ನೆನಪಿರಬಹುದು. ಸಾವಯವ ಸುಳ್ಳು ಅಂತ ಅದನ್ನು ತೋರಿಸಿ ಹೇಳುವವರಿದ್ದಾರೆ. ನನಗೆ ಕಂಡದ್ದು ಬೇರೆ. ಅಷ್ಟು ಸೊಪ್ಪು, ಅಷ್ಟು ಗೊಬ್ಬರ ಎಲ್ಲಿಂದ ಬರಬೇಕು ಅಂತ ಯಾರೂ ಮೊದಲು ಕೇಳಲಿಲ್ಲ.

ಗುಡ್ಡ ಇಲ್ಲದಿದ್ದರೆ ಗುಡ್ಡವನ್ನು ಗದ್ದೆಯೊಳಗೇ ಬೆಳೆಯಬೇಕು. ಅದಕ್ಕೆ ಇರುವುದು ಹಸಿರಾಗಿದ್ದಾಗಲೇ ಮಣ್ಣಿಗೆ ಸೇರಿಸುವ ದ್ವಿದಳ ಗಿಡಗಳು: ಸೆಣಬು (ಗೋಣಿಯ ಸೆಣಬಲ್ಲ, ಸನ್‌ಹೆಂಪ್), ಡಯಾಂಚಾ, ಅಂಚಿನ ಮೇಲೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಡಯಾಂಚಾ ಎಕರೆಗೆ 15–20 ಕೆಜಿ ಬೀಜ ಚೆಲ್ಲಿ 45–50 ದಿನಕ್ಕೆ ಮಣ್ಣಿಗೆ ಸೇರಿಸಿದರೆ, ಚೆನ್ನಾಗಿ ಬಂದ ಬೆಳೆಯಿಂದ 20–30 ಕೆಜಿ ಸಾರಜನಕ ಸಿಗುತ್ತದೆ. ಅಂದರೆ ಮೇಲೆ ಹೇಳಿದ 15 ಕ್ವಿಂಟಾಲಿನ ಲೆಕ್ಕಕ್ಕೆ ಹತ್ತಿರ ಹತ್ತಿರ, ಹೊರೆ ಹೊರದೆ, ಗಾಳಿಯಿಂದ. ಇದಕ್ಕೆ ನಾಟಿ ಕಾಲಕ್ಕೆ ಮೊದಲೇ ಮಳೆ ಬೇಕು. ಭರಣಿ ಮಳೆ ಸುರಿದರೆ ಧರಣಿ ಎಲ್ಲ ಬೆಳೆ ಅನ್ನುತ್ತಾರಲ್ಲ, ಡಯಾಂಚಾದ ಮಟ್ಟಿಗೆ ಅದು ಅಕ್ಷರಶಃ ನಿಜ. ಭರಣಿಯಲ್ಲೋ ಕೃತ್ತಿಕೆಯಲ್ಲೋ, ಅಂದರೆ ಮೇ ತಿಂಗಳ ಆಸುಪಾಸಿನಲ್ಲಿ, ಹದ ಸಿಕ್ಕರೆ ಜುಲೈನ ಪುನರ್ವಸು ಹೊತ್ತಿಗೆ ಸೊಂಟದ ಮೇಲೆ ಬಂದಿರುತ್ತದೆ. ಮಳೆ ತಡವಾದ ವರ್ಷ ಅದು ಮೊಣಕಾಲು ಎತ್ತರ ಇರುವಾಗಲೇ ಹೂಡಬೇಕಾಗುತ್ತದೆ, ಆಗ ಲೆಕ್ಕದ ಅರ್ಧವೂ ಇಲ್ಲ. ಸೆಣಬು ಬೇಗ ಏಳುತ್ತದೆ, ಆದರೆ ನೀರು ನಿಂತರೆ ಸಾಯುತ್ತದೆ, ಮತ್ತೆ ಬೇಸಿಗೆಯಲ್ಲಿ ಊರ ದನವೆಲ್ಲ ಬಿಡಾಡಿಯಾಗಿ ತಿರುಗುವ ಕಡೆ ಅದು ಗೊಬ್ಬರವಾಗುವ ಮೊದಲು ಮೇವಾಗಿರುತ್ತದೆ. ಬೇಲಿ ಖರ್ಚನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ.

ಯಾವಾಗ ಹೂಡಬೇಕು ಅನ್ನುವುದಕ್ಕೆ ದಿನ ಎಣಿಸುವುದಕ್ಕಿಂತ ದಂಟು ಮುರಿದು ನೋಡುವುದು ಒಳ್ಳೆಯದು. ಲಟ್ ಅಂತ ಮುರಿದರೆ ಸರಿ. ನಾರು ಹಿಡಿದು ಬಗ್ಗಿದರೆ ತಡವಾಗಿದೆ. ನಾರಿನ ದಂಟು ಕೊಳೆಯುವಾಗ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ, ನೆಟ್ಟ ಸಸಿ ಅಷ್ಟು ದಿನ ಹಳದಿ ಹಳದಿ. ಭತ್ತದ ಹುಲ್ಲು ಹಸಿಯಾಗಿ ಹೂಡಿದರೂ ಇದೇ ಕಥೆ. ಜೊತೆಗೆ ಒಂದು ಗಿಡ ಕಿತ್ತು ಬೇರಿನ ಗಂಟು ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಸಾರಜನಕ ಹಿಡಿಯುತ್ತಿದೆ. ಬೆಳ್ಳಗೋ ಹಸಿರೋ ಇದ್ದರೆ ಅದು ಬರೀ ಗಂಟು.

ನಮ್ಮ ಮಕ್ಕಿಯಲ್ಲಿ ಮೊದಮೊದಲು ಬೆಳ್ಳಗಿನ ಗಂಟೇ ಜಾಸ್ತಿ ಸಿಗುತ್ತಿತ್ತು. ಹುಳಿ ಮಣ್ಣಲ್ಲಿ, ರಂಜಕ ಇಲ್ಲದ ಕಡೆ ದ್ವಿದಳದ ಬೇರಿಗೂ ಕೈಕಾಲು ಆಡುವುದಿಲ್ಲ. ಗದ್ದೆ ನೀರಲ್ಲಿ ಸಾರಜನಕ ಹಿಡಿಯುವ ಪಾಚಿಯ ಕಥೆಯೂ ಅಷ್ಟೇ. ಭತ್ತದ ಗದ್ದೆಗೆ ಗೊಬ್ಬರವೇ ಹಾಕದಿದ್ದರೂ ಒಂದಿಷ್ಟು ಬೆಳೆ ಬರುತ್ತಲೇ ಇರುವುದು ಈ ನೀಲಿ-ಹಸಿರು ಪಾಚಿಯಿಂದ ಅಂತ ಪಿ.ಕೆ. ಡೇ ಎಂಬ ನಮ್ಮ ದೇಶದ ವಿಜ್ಞಾನಿ 1939ರಲ್ಲೇ ತೋರಿಸಿದ್ದರು. ಅದಕ್ಕೂ ಹುಳಿ ಆಗದು, ರಂಜಕ ಬೇಕು. ನೀರ ಮೇಲೆ ತೇಲುವ ಸಣ್ಣ ಜರೀಗಿಡ ಅಜೋಲ್ಲಾ ತಂದು ಬಿಟ್ಟವರು ಅದು ಕೆಂಪಗಾಗಿ ಸೊರಗುವುದನ್ನು ನೋಡಿರುತ್ತಾರೆ, ಅದರ ಹಿಂದೆಯೂ ಎಷ್ಟೋ ಸಲ ರಂಜಕದ ಕೊರತೆಯೇ ಇರುತ್ತದೆ.

ಗಾಳಿಯಿಂದ ಸಾರಜನಕ ಹಿಡಿಯಬಹುದು, ರಂಜಕ ಗಾಳಿಯಲ್ಲಿಲ್ಲ. ಮಣ್ಣಲ್ಲಿ ಇಲ್ಲದ್ದನ್ನು ಸೊಪ್ಪು ತರಲಾರದು. ನಮ್ಮ ಗುಡ್ಡದ ಸೊಪ್ಪೂ ಅದೇ ಬಡ ಮಣ್ಣಿನದ್ದೇ ತಾನೆ. ಇದೊಂದು ವಿಷಯದಲ್ಲಿ ಮಾತ್ರ ಹೊರಗಿನಿಂದ ತರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತರುವುದಕ್ಕೆ ರಾಕ್ ಫಾಸ್ಫೇಟ್ ಇದೆ, ರಂಜಕ ಇರುವ ಬರೀ ಅರೆದ ಕಲ್ಲು, ಸಾವಯವ ನಿಯಮದಲ್ಲೂ ಒಪ್ಪಿಗೆ ಇರುವಂಥದ್ದು. ಬಯಲುಸೀಮೆಯ ಸುಣ್ಣದ ಮಣ್ಣಲ್ಲಿ ಅದು ಕರಗುವುದೇ ಇಲ್ಲ, ದುಡ್ಡು ದಂಡ. ನಮ್ಮ ಹುಳಿ ಮಣ್ಣೇ ಅದನ್ನು ಕರಗಿಸುತ್ತದೆ. ಹುಳಿಯಿಂದ ಆಗುವ ಒಂದೇ ಲಾಭ ಇದು. ಅದನ್ನು ಭತ್ತಕ್ಕೆ ಹಾಕದೆ ಡಯಾಂಚಾ ಬಿತ್ತುವಾಗಲೇ ಹಾಕಬೇಕು. ಡಯಾಂಚಾ ಅದನ್ನು ಉಂಡು ಬೆಳೆದು, ತಾನು ಕೊಳೆಯುವಾಗ ಭತ್ತಕ್ಕೆ ಸುಲಭದ ರೂಪದಲ್ಲಿ ಬಿಡುತ್ತದೆ. ಸುಣ್ಣವನ್ನೂ ಸ್ವಲ್ಪ ಹಾಕುತ್ತೇನೆ, ಆದರೆ ರಾಕ್ ಫಾಸ್ಫೇಟ್ ಜೊತೆಯಲ್ಲಲ್ಲ, ಸುಣ್ಣ ಹುಳಿ ಇಳಿಸಿದರೆ ಕಲ್ಲು ಕರಗುವುದು ನಿಧಾನವಾಗುತ್ತದೆ. ಒಂದು ವರ್ಷ ಅದು, ಇನ್ನೊಂದು ವರ್ಷ ಇದು. ಗಂಟಿನ ಬಣ್ಣ ಬದಲಾಗಿದ್ದು ಆಮೇಲೆ.

ಬೂದಿಯ ವಿಷಯಕ್ಕೆ ಬಂದರೆ ಕರಾವಳಿಯವರು ನಮಗಿಂತ ಜಾಣರು. ಅಗೆ (ನಾಟಿಯ ಸಸಿ) ಹಾಕುವ ಮಡಿಗೆ ಅವರು ಸುಡುಮಣ್ಣು ಹಾಕುತ್ತಾರೆ. ದರಗು, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ಹೊಗೆಯಾಡುತ್ತಾ ನಿಧಾನಕ್ಕೆ ಸುಟ್ಟದ್ದು. ಪೊಟ್ಯಾಶೂ ಸಿಗುತ್ತದೆ, ಹುಳಿಯೂ ಇಳಿಯುತ್ತದೆ, ಕಳೆ ಬೀಜವೂ ಸಾಯುತ್ತದೆ. ನಮ್ಮ ಕಡೆ ಅಕ್ಕಿ ಮಿಲ್ಲಿನ ಉಮಿ ಬೂದಿ ಸಿಗುತ್ತದೆ, ಎಷ್ಟೋ ಸಲ ಸಾಗಿಸಿದರೆ ಸಾಕು ಅನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಇರುವುದು ಸಿಲಿಕಾ. ಭತ್ತಕ್ಕೆ ಸಿಲಿಕಾ ಸಾರಜನಕಕ್ಕಿಂತ ಜಾಸ್ತಿ ಬೇಕು, ಮತ್ತೆ ನಮ್ಮ ತೊಳೆದು ಹೋದ ಮಣ್ಣಲ್ಲಿ ಅದು ಕಮ್ಮಿ. ಸಿಲಿಕಾ ಸಿಕ್ಕ ಎಲೆ ಒರಟಾಗುತ್ತದೆ, ನೆಟ್ಟಗೆ ನಿಲ್ಲುತ್ತದೆ, ಬೆಂಕಿರೋಗಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಾನು ಮಾಡಿದ ಖರ್ಚುಗಳಲ್ಲಿ ಅತಿ ಕಮ್ಮಿಯದ್ದೂ, ಕಣ್ಣಿಗೆ ಕಾಣುವ ಫಲ ಕೊಟ್ಟದ್ದೂ ಈ ಉಮಿ ಬೂದಿಯೇ. ಚೀಲದಲ್ಲಿ ಬರುವ "ಸಾವಯವ ಗೊಬ್ಬರ"ಗಳ ಬಗ್ಗೆ ಮಾತ್ರ ನನಗೆ ನಂಬಿಕೆ ಇಲ್ಲ. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಸಾರಜನಕದ ಶೇಕಡಾವಾರು ನೋಡಿ, ಬೆಲೆ ನೋಡಿ, ಆಮೇಲೆ ಶೇ. 4–5 ಸಾರಜನಕ ಇರುವ ಹೊಂಗೆ ಹಿಂಡಿ, ಬೇವಿನ ಹಿಂಡಿಯ ಬೆಲೆ ನೋಡಿ. ಲೆಕ್ಕ ನೀವೇ ಮಾಡಿ.

ತಳಿಯೂ ಇದಕ್ಕೆ ಸೇರಿದ್ದೇ. ಯೂರಿಯಾ ಉಂಡು ಬೆಳೆಯಲೆಂದೇ ಮಾಡಿದ ಗಿಡ್ಡ ತಳಿ ನಿಧಾನಕ್ಕೆ ಸಿಗುವ ಸೊಪ್ಪಿನ ಸಾರದಲ್ಲಿ ಮುನಿಸಿಕೊಳ್ಳುತ್ತದೆ. ಇಂಡೋನೇಷ್ಯಾದಿಂದ ಬಂದು ಮಲೆನಾಡಿನದ್ದೇ ಆಗಿಹೋದ ಇಂಟಾನ್, ಇಲ್ಲ ಊರಿನ ಉದ್ದ ತಳಿಗಳು, ಗದ್ದೆಯಲ್ಲಿ ಜಾಸ್ತಿ ದಿನ ಇರುತ್ತವೆ, ಬಂದಷ್ಟನ್ನು ಉಣ್ಣುತ್ತಾ ಹೋಗುತ್ತವೆ. ಇಳುವರಿ ಆಕಾಶಕ್ಕೆ ಏರುವುದಿಲ್ಲ. ನಮ್ಮ ಮಕ್ಕಿ ಈಗ ಪಕ್ಕದವರ ಯೂರಿಯಾ ಗದ್ದೆಗಿಂತ ಕೆಲವು ಚೀಲ ಹಿಂದೆಯೇ ಇದೆ. ಹುಲ್ಲು ಮಾತ್ರ ಜಾಸ್ತಿ, ಮಳೆ ನಿಂತ ಮೇಲೂ ಕೆಲವು ದಿನ ನೆಲ ಹಸಿ ಉಳಿಯುತ್ತದೆ, ಅದು ಮೊದಲು ಇರಲಿಲ್ಲ.

ಮನೆಯಲ್ಲಿ ಈಗ ನಡೆಯುತ್ತಿರುವ ಜಗಳ ಬೇರೆಯದೇ. ಕೊಟ್ಟಿಗೆ ಗೊಬ್ಬರದಲ್ಲಿ ಮಕ್ಕಿಗೂ ಪಾಲು ಬೇಕು ಅನ್ನುವುದು ನನ್ನ ವಾದ, ಡಯಾಂಚಾ ಒಂದರಿಂದಲೇ ಮಣ್ಣು ಕಟ್ಟುವುದಿಲ್ಲ, ಅದು ಒಂದು ಬೆಳೆಗೆ ಕೊಟ್ಟು ಕರಗಿ ಹೋಗುತ್ತದೆ. ತಮ್ಮ ಒಪ್ಪುವುದಿಲ್ಲ. "ಅಣ್ಣ, ಒಂದು ಗಾಡಿ ಗೊಬ್ಬರ ತೋಟಕ್ಕೆ ಹೋದರೆ ಎಷ್ಟು ಬರುತ್ತೆ, ಗದ್ದೆಗೆ ಹೋದರೆ ಎಷ್ಟು ಬರುತ್ತೆ, ನೀನೇ ಹೇಳು" ಅನ್ನುತ್ತಾನೆ. ಅಡಿಕೆ ರೇಟು ನೋಡಿದರೆ ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಸದ್ಯಕ್ಕೆ ಆದ ಒಪ್ಪಂದ ಇಷ್ಟು: ಎರಡು ದನದ ಗೊಬ್ಬರ ಗದ್ದೆಗೆ, ಉಳಿದದ್ದೆಲ್ಲ ತೋಟಕ್ಕೆ, ಕೊಟ್ಟಿಗೆಗೆ ದರಗು ಹೊರುವ ಕೆಲಸ ನನ್ನದು. ಅಂಚಿನ ಗೊಬ್ಬರದ ಗಿಡ ಕಡಿಯುವ ಕೂಲಿ ಯಾರ ಲೆಕ್ಕಕ್ಕೆ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.